ಅಂಥ ಮನೆ ಇಲ್ಲ

ನಮ್ಮ ಊರಿನಲ್ಲಿ ಮಧ್ಯಾಹ್ನ ಉಂಡು ಮಲಗಿ ಎದ್ದವರು ಮುಖ ತೊಳೆಯುವುದಕ್ಕೂ ಮೊದಲು ಬೀದಿ ಬಾಗಿಲು ತೆಗೆದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡುತ್ತಾರೆ. ಊಟದ ಹೊತ್ತಿನಲ್ಲಿ ಪಕ್ಕದಲ್ಲಿದ್ದ ಮನೆ ಎದ್ದಾಗ ಅಲ್ಲಿರುವುದಿಲ್ಲ. ಮಧ್ಯಾಹ್ನ ಊರು ಮಲಗಿದಾಗ ಮನೆಗಳು ಜಾಗ ಬದಲಾಯಿಸುತ್ತವೆ, ರಾತ್ರಿ ಅಲ್ಲಾಡುವುದಿಲ್ಲ. ಗೋಡೆ ಹಂಚಿಕೊಂಡವು ಒಟ್ಟಿಗೆ ಹೋಗುತ್ತವೆ, ಒಂಟಿ ಮನೆಗಳು ತಮ್ಮ ಪಾಡಿಗೆ ತಾವು ಹೋಗುತ್ತವೆ. ನಾನು ತಮ್ಮಯ್ಯ, ಹೋಟೆಲ್ ಇಟ್ಟವನು. ನಿನ್ನೆ ಸಂಜೆ ನನ್ನ ಹೋಟೆಲಿನ ಎಡಕ್ಕೆ ದರ್ಜಿಯ ಅಂಗಡಿ ಇತ್ತು, ಇವತ್ತು ಗ್ರಂಥಾಲಯ ಇದೆ. ವಡೆ ಹಾಗೇ ಖರ್ಚಾಗುತ್ತಿದೆ, ಗಿರಾಕಿಗಳು ಮಾತ್ರ ಪಿಸುಗುಡುತ್ತಿದ್ದಾರೆ. ನಮಗೆ ಇದೇನೂ ವಿಶೇಷವಲ್ಲ. ನೆರೆಯವರೊಡನೆ ಜಗಳವಾದರೆ ನಾವು ಪಂಚಾಯಿತಿ ಸೇರಿಸುವುದಿಲ್ಲ, ಒಂದು ನಿದ್ದೆ ತೆಗೆಯುತ್ತೇವೆ.

ಬಾಗಿಲು ತೆಗೆದವರು ತಮ್ಮ ಎಡಕ್ಕೆ ಯಾರು, ಬಲಕ್ಕೆ ಯಾರು ಎಂದು ಫೋನಿನಲ್ಲಿ ಹೇಳಬೇಕು. ಇದಕ್ಕೆ ಎಡಬಲ ಒಪ್ಪಿಸುವುದು ಎನ್ನುತ್ತೇವೆ. ನಮ್ಮ ಫೋನುಗಳು ಯಂತ್ರದ ಜೊತೆ ಮಾತ್ರ ಮಾತಾಡುತ್ತವೆ, ಒಬ್ಬರಿಗೊಬ್ಬರು ಮಾತಾಡಿಕೊಳ್ಳಲು ಅವುಗಳಿಂದ ಆಗುವುದಿಲ್ಲ. ಯಂತ್ರ ಎಲ್ಲರ ಎಡಬಲವನ್ನೂ ಜೋಡಿಸಿ ಆ ಸಂಜೆಯ ಊರನ್ನು ಕಟ್ಟುತ್ತದೆ. ಆಮೇಲೆ ಯಾರು ಯಾವ ಮನೆಯ ಹೆಸರು ಹೇಳಿದರೂ ಅಲ್ಲಿಗೆ ಹೋಗುವ ದಾರಿಯ ಪುಟ ಅವರ ಫೋನಿಗೆ ಬರುತ್ತದೆ. ಕಣ್ಣು ಕಾಣದವರಿಗೆ ಫೋನೇ ಓದಿ ಹೇಳುತ್ತದೆ. ಊರು ಕಟ್ಟಿ ಮುಗಿಯುವ ತನಕ ಎಲ್ಲರಿಗೂ ಒಂದೇ ಉತ್ತರ: 'ಇನ್ನೂ ಗೊತ್ತಿಲ್ಲ. ಒಳಗೇ ಇರಿ.' ಈ ಪುಟದಷ್ಟು ಬೈಗುಳ ತಿಂದದ್ದು ಊರಿನಲ್ಲಿ ಬೇರೊಂದಿಲ್ಲ. ಇಲ್ಲದ ಮನೆಯ ಹೆಸರು ಹೇಳಿದರೆ ಮಾತ್ರ ಯಾವ ಹೊತ್ತಿನಲ್ಲೂ ಇನ್ನೊಂದು ಪುಟ ಬರುತ್ತಿತ್ತು: 'ಅಂಥ ಮನೆ ಇಲ್ಲ.' ತುಂಟ ಮಕ್ಕಳು ದೆವ್ವದ ಮನೆ, ಜಾಮೂನಿನ ಮನೆ ಎಂದೆಲ್ಲ ಕೇಳಿ ಆ ಪುಟ ತರಿಸಿಕೊಂಡು ನಗುತ್ತಿದ್ದರು.

ಯಂತ್ರ ಇರುವುದು ನಮ್ಮ ಹೋಟೆಲಿನ ಮಹಡಿಯಲ್ಲಿ. ಮನೆ ಎಲ್ಲಿಗೆ ಜರುಗಿದರೂ ಮಹಡಿ ಅದನ್ನು ಬಿಟ್ಟು ಹೋಗುವುದಿಲ್ಲ, ಅಷ್ಟರ ಮಟ್ಟಿಗೆ ನಮ್ಮ ಊರು ಮರ್ಯಾದಸ್ಥ ಊರು. ಅದನ್ನು ನೋಡಿಕೊಳ್ಳುತ್ತಿದ್ದವರು ದ್ಯಾವಪ್ಪನವರು. ಉದ್ದನೆಯ ಆಳು, ದಪ್ಪ ಕನ್ನಡಕ, ಅಳೆದು ತೂಗಿ ಆಡುವ ಮಾತು. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕುತ್ತಿತ್ತು. ಮಧ್ಯಾಹ್ನದ ನಿದ್ದೆ ತಮ್ಮ ಮನೆಯಲ್ಲಿ ಮುಗಿಸಿ, ದಾರಿಯ ಪುಟ ಬಂದ ಮೇಲೆ ಇನ್ಸುಲಿನ್ ಚುಚ್ಚಿಕೊಂಡು, ನೆಟ್ಟಗೆ ನಮ್ಮಲ್ಲಿಗೆ ಬಂದು ವಡೆ ತಿಂದು ಮೆಟ್ಟಿಲು ಹತ್ತುವುದು ಅವರ ಕ್ರಮ. "ತಿಂಡಿ ಮುಂದಿಟ್ಟ ಮೇಲೆ ಚುಚ್ಕೊಳ್ಳಿ ಅಂದ್ರೆ ಕೇಳಲ್ಲ" ಎಂದು ನನ್ನ ಹೆಂಡತಿ ವಾರಿಜ ಗದರಿಸುತ್ತಲೇ ಇದ್ದಳು. ಕೈಗೆ ಅಭ್ಯಾಸವಾದ ಜಾಗದಲ್ಲಾದರೆ ಸೂಜಿ ತಪ್ಪುವುದಿಲ್ಲ ಎಂಬುದು ಅವರ ವಾದ.

ವಾರಿಜ ಅವರ ಬಳಿ ಮೊದಲು ಹೋದದ್ದು ಜಗಳಕ್ಕೆ. ಸಂಜೆಯ ಪುಟ ತಡವಾದರೆ ಗಿರಾಕಿಗಳು ಮನೆಯೊಳಗೇ ಕೂತಿರುತ್ತಾರೆ, ನಮ್ಮ ವಡೆ ಆರಿಹೋಗುತ್ತದೆ. ಒಂದು ಸಂಜೆ ಅವಳು ಎಣ್ಣೆ ತೊಟ್ಟಿಕ್ಕುವ ಸೌಟು ಹಿಡಿದೇ ಮಹಡಿ ಹತ್ತಿದಳು. ಬಿದ್ದ ಎಣ್ಣೆ ಒರೆಸುತ್ತ ನಾನೂ ಹಿಂದೆ ಹೋದೆ.

"ಏನ್ ಸ್ವಾಮೀ, ದಿನಾ ಇದೇ ಆಯ್ತಲ್ಲ! ಊರು ಎದ್ದ ಮೇಲೆ ನಿಮ್ ಯಂತ್ರ ಮಲಗತ್ತಾ?"

ದ್ಯಾವಪ್ಪನವರು ತಿರುಗಿ ಕೂಡ ನೋಡಲಿಲ್ಲ. "ಸೌಟು ಕೆಳಗಿಟ್ಟು ಕೂತ್ಕೋ ತಾಯಿ. ಯಾಕ್ ತಡ ಆಗತ್ತೆ ಅಂತ ನೀನೇ ನೋಡು."

ಅವಳು ನೋಡಿದಳು. ಇಡೀ ಊರು ಒಟ್ಟಿಗೆ ದಾರಿ ಕೇಳುತ್ತಿತ್ತು. ಒಂದೊಂದು ಕೇಳಿಕೆಗೂ ಪರದೆಯ ಮೇಲೆ ಒಂದೊಂದು ಸಾಲು ಮೂಡಿ ಸರ್ರನೆ ಮೇಲಕ್ಕೆ ಓಡುತ್ತಿತ್ತು. ಯಾರ ಫೋನು, ಯಾವ ಮನೆ ಕೇಳಿತು, ಸಿಕ್ಕಿತೋ ಇಲ್ಲವೋ. ಅದಕ್ಕೆ ಲಾಗ್ ಎನ್ನುತ್ತಾರೆ ಎಂದರು. ವಾರಿಜ ಬಾಯಿ ತೆರೆದು ನೋಡುತ್ತಿದ್ದವಳು, "ಇಷ್ಟು ಎಲೆಗೂ ಇದೊಂದೇ ಬಡಿಸ್ಬೇಕಾ? ಅಯ್ಯೋ ಪಾಪ!" ಎಂದಳು. ಯಂತ್ರಕ್ಕೆ ಪಾಪ ಎಂದವರನ್ನು ದ್ಯಾವಪ್ಪನವರು ಅಲ್ಲಿಯ ತನಕ ಕಂಡಿರಲಿಲ್ಲ. ನಾಳೆಯೂ ಬಾ ಎಂದರು.

ಯಂತ್ರದೊಡನೆ ಮಾತಾಡುವ ಯೂನಿಕ್ಸ್ ಎಂಬ ವಿದ್ಯೆಯ ಮೊದಲ ಪಾಠವೆಲ್ಲ ಬರೀ ಪ್ರಶ್ನೆಗಳು. ನಾನು ಯಾರು? ಎಲ್ಲಿದ್ದೇನೆ? ಇಲ್ಲಿ ಏನೇನಿದೆ? ಯಂತ್ರದ ಮುಂದೆ ಕೂತ ಕೂಡಲೇ ಇವನ್ನು ಕೇಳಿ ಉತ್ತರ ಪಡೆಯದೆ ಬೇರೆ ಯಾವುದಕ್ಕೂ ಕೈ ಹಾಕುವಂತಿರಲಿಲ್ಲ. "ಇದೇನೇ, ಸನ್ಯಾಸ ತಗೋತಿದ್ದೀಯಾ?" ಎಂದು ನಾನು ರೇಗಿಸಿದೆ.

"ನಗಬೇಡಿ. ಯಾರಾಗಿದ್ದೀವಿ, ಎಲ್ಲಿ ನಿಂತಿದ್ದೀವಿ ಅಂತ ನೋಡ್ಕೊಳ್ದೆ ಒಂದು ಮಾತು ಹೇಳಿದ್ರೆ ಊರೇ ಅಳಿಸಿಹೋಗತ್ತಂತೆ," ಎಂದಳು.

ಯಂತ್ರದೊಳಗೆ ಎಲ್ಲಕ್ಕೂ ಯಜಮಾನನೊಬ್ಬ ಇದ್ದಾನೆ, ಅವನ ಹೆಸರು ರೂಟ್. ಅವನು ಹೇಳಿದ್ದನ್ನು ಯಂತ್ರ ಎದುರು ಮಾತಾಡದೆ ಮಾಡುತ್ತದೆ, ನಿಜವಾಗಿಯೂ ಮಾಡಲಾ ಎಂದು ಕೂಡ ಕೇಳುವುದಿಲ್ಲ. ಅವನ ಪಾಸ್‌ವರ್ಡ್ ಗೊತ್ತಿದ್ದದ್ದು ದ್ಯಾವಪ್ಪನವರಿಗೆ ಮಾತ್ರ. ಯಂತ್ರ ಮರಳಿ ಕೇಳುವುದಿಲ್ಲವೆಂದೇ ಅವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಅಪ್ಪಣೆಯ ಸಾಲು ಬರೆದ ಮೇಲೆ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಳ್ಳಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಒಂದೇ ಬೆರಳಿನಿಂದ ಎಂಟರ್ ಒತ್ತಬೇಕು. ವಾರಿಜಳಿಗೆ ಇದು ಎಷ್ಟು ಅಂಟಿತೆಂದರೆ ಸಾಂಬಾರಿಗೆ ಉಪ್ಪು ಹಾಕುವ ಮುಂಚೆಯೂ ಕೈ ಕೆಳಗಿಳಿಸಿ, "ಉಪ್ಪು, ಒಂದು ಹಿಡಿ, ದೊಡ್ಡ ಪಾತ್ರೆಗೆ" ಎಂದು ಹೇಳಿಕೊಳ್ಳತೊಡಗಿದಳು. ನಮ್ಮ ಸಾಂಬಾರಿನ ರುಚಿ ಆಮೇಲೆ ಒಂದು ದಿನವೂ ತಪ್ಪಿಲ್ಲ.

ನಾವು ಇಲ್ಲದಿರುವಾಗ ನಡೆಯಬೇಕಾದ ಕೆಲಸವನ್ನು ಯಂತ್ರಕ್ಕೆ ಸಾಲು ಸಾಲಾಗಿ ಬರೆದಿಟ್ಟುಹೋಗುವುದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ. ಅವಳ ಮೊದಲ ಸ್ಕ್ರಿಪ್ಟ್ ಎಡಬಲ ಒಪ್ಪಿಸದ ಮನೆಗಳನ್ನು ಹುಡುಕಿ ಎಚ್ಚರಿಸುವುದು. ಅಲ್ಲಿಯ ತನಕ ಎಲ್ಲರ ಫೋನೂ ಒಂದೇ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. ವಾರಿಜ ಬರೆದದ್ದರಲ್ಲಿ ಬಾಣಂತಿ ಮನೆಗೆ ಮೆಲ್ಲಗೆ, ಕಿವಿ ಮಂದವಾದವರಿಗೆ ಜೋರಾಗಿ, ಎಬ್ಬಿಸಿದರೆ ಬೈಯುವ ಮಂಡಿ ಸಾಹುಕಾರರಿಗೆ ಎಲ್ಲರಿಗಿಂತ ಕೊನೆಗೆ. ಹಳೆಯ ಲಾಗುಗಳು ತುಂಬಿ ಯಂತ್ರ ಉಸಿರುಗಟ್ಟಿದಾಗ ಅವನ್ನು ಮಡಿಸಿ ಎತ್ತಿಡುವುದಕ್ಕೂ ಒಂದು ಬರೆದಳು. ದ್ಯಾವಪ್ಪನವರು ಮೆಚ್ಚಿದರೆ 'ಹ್ಞೂಂ' ಎನ್ನುತ್ತಿದ್ದರು, ಅದಕ್ಕಿಂತ ದೊಡ್ಡ ಬಿರುದು ಅವರ ಬಳಿ ಇರಲಿಲ್ಲ. ಅವಳು ಮೆಟ್ಟಿಲಿಳಿದು ಬರುವ ಸದ್ದಿನಲ್ಲೇ ಆ ದಿನ 'ಹ್ಞೂಂ' ಸಿಕ್ಕಿತೋ ಇಲ್ಲವೋ ನನಗೆ ತಿಳಿಯುತ್ತಿತ್ತು. ನಲವತ್ತು ದಾಟಿದ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಪರದೆಯ ಮುಂದೆ ಕೂತು ತುಟಿ ಅಲುಗಿಸುವುದನ್ನು ನಾನು ಕಾಫಿ ಕೊಡುವ ನೆಪದಲ್ಲಿ ನೋಡಿ ಬರುತ್ತಿದ್ದೆ. ಸುಳ್ಳೇಕೆ, ಮದುವೆಯಾದ ಹೊಸತರಲ್ಲೂ ಅವಳನ್ನು ಅಷ್ಟು ನೋಡಿರಲಿಲ್ಲ.

ಯಂತ್ರದೊಳಗೆ ದಾರಿಯ ಪುಟ ಬಡಿಸುವ ಸರ್ವರ್ ಎಂಬುದರ ಉಸ್ತುವಾರಿಯನ್ನು ದ್ಯಾವಪ್ಪನವರು ಅವಳಿಗೆ ಬಿಟ್ಟುಕೊಟ್ಟ ಮೇಲೆ ಅವಳಿಗೆ ಒಂದೇ ಕೊರಗು, ಆ 'ಇನ್ನೂ ಗೊತ್ತಿಲ್ಲ' ಪುಟ. ಎಲೆ ಮುಂದೆ ಕೂತವರನ್ನು ಬರಿಗೈಯಲ್ಲಿ ಎಬ್ಬಿಸಬಾರದು ಎಂಬುದು ನಮ್ಮ ಹೋಟೆಲಿನ ನಿಯಮ. ಇಡ್ಲಿ ಮುಗಿದರೆ ಇದ್ದುದರಲ್ಲಿ ಉಪ್ಪಿಟ್ಟಾದರೂ ಕೆದಕಿ ಹಾಕುತ್ತೇವೆ. ಊರಿಗೆ ಊರೇ ದಾರಿ ಕೇಳುವಾಗ ಗೊತ್ತಿಲ್ಲ ಎಂದು ಕಳಿಸುವುದೆಂದರೆ ಅವಳ ಕೈಗೇ ಅವಮಾನ. ಹಾಗಾಗಿ ಒಂದು ಉಪಾಯ ಹೂಡಿದಳು. ಒಮ್ಮೆ ಕೊಟ್ಟ ಪುಟವನ್ನು ಯಂತ್ರ ಎಸೆಯದೆ ಪಕ್ಕಕ್ಕೆ ಇಟ್ಟುಕೊಂಡಿರಬೇಕು. ಮತ್ತೆ ಯಾರಾದರೂ ಕೇಳಿದರೆ ಹೊಸದು ಬೇಯುವ ತನಕ ಇಟ್ಟಿದ್ದನ್ನೇ ಬಡಿಸಬೇಕು. ತಾನೊಬ್ಬಳೇ ಕೇಳಿ ನೋಡಿದಾಗ ಹೊಸ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹಳೆಯದನ್ನು ಪಕ್ಕಕ್ಕೆ ತಳ್ಳುತ್ತಿತ್ತು, ತೊಂದರೆ ಏನೂ ಕಾಣಲಿಲ್ಲ. ಭಾನುವಾರ ಸಂಜೆ ತನ್ನ ಮೇಷ್ಟ್ರು ದ್ಯಾವಪ್ಪನವರು ಬಂದಾಗ ಬೆರಗಾಗಲಿ ಎಂದು ಅವರಿಗೆ ಹೇಳದೆ ಇಟ್ಟಳು.

ಆ ಭಾನುವಾರ ಮಧ್ಯಾಹ್ನ ಊರಿನಲ್ಲಿ ದೊಡ್ಡದೊಂದು ಮದುವೆ ಊಟ. ಅರ್ಧ ಊರು ಹೋಳಿಗೆ ಹೊಡೆದು ಮಲಗಿತ್ತು. ಎದ್ದವರು ಎದ್ದು ದಾರಿ ಕೇಳಿದರು, ಪುಟ ಥಟ್ಟನೆ ಬಂತು. ಮಲಗಿದ್ದವರು ಗಂಟೆಗೂ ಏಳದೆ ಮಲಗೇ ಇದ್ದರು, ಅವರ ಎಡಬಲ ಬರಲಿಲ್ಲ, ಹೊಸ ಊರು ಕಟ್ಟಿ ಮುಗಿಯಲೂ ಇಲ್ಲ. ಯಂತ್ರ ಪಾಪ, ಹೇಳಿಕೊಟ್ಟ ಹಾಗೆ ಕೇಳಿದವರಿಗೆಲ್ಲ ನಿನ್ನೆಯ ಊರನ್ನು ಬಡಿಸುತ್ತ ಹೋಯಿತು. ನಮಗೆ ಇದು ತಿಳಿದದ್ದು ಎಡಪಕ್ಕದಲ್ಲಿ ಬಂದು ನಿಂತಿದ್ದ ಪೊಲೀಸ್ ಠಾಣೆಯಿಂದ ಕಾನ್‌ಸ್ಟೇಬಲ್ ಹುಚ್ಚೇಗೌಡ ಓಡಿಬಂದಾಗ.

"ವಾರಿಜಕ್ಕಾ, ಇದೇನಕ್ಕಾ ಅವಾಂತರ? ಮದುಮಗ ಠಾಣೆಗೆ ಬಂದು ಚಪ್ಪಲಿ ಬಿಟ್ಟು ಕೂತವ್ನೆ. ಮಾವನ ಮನೆ ಇದೇ ಅಂತ ಪುಟ ಹೇಳ್ತಂತೆ. ನಮ್ ಸಾಹೇಬ್ರುನ್ನ ಮಾವ ಅಂತಾವ್ನೆ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ವಾರಿಜ ನಗಲಿಲ್ಲ. ಅವಳು ಗೋಡೆ ಪಕ್ಕದ ಬೆಂಚನ್ನು ನೋಡುತ್ತಿದ್ದಳು. ದ್ಯಾವಪ್ಪನವರು ದಿನಾ ಕೂರುವ ಜಾಗ ಖಾಲಿ ಇತ್ತು. ಪುಟ ಬಂದಿದೆ ಎಂದರೆ ಸೂಜಿ ಚುಚ್ಚಿಕೊಂಡು ಹೊರಟಾಗಿದೆ. ಚುಚ್ಚಿಕೊಂಡ ಮೇಲೆ ಹೊಟ್ಟೆಗೆ ಏನೂ ಬೀಳದಿದ್ದರೆ ಸಕ್ಕರೆ ಇಳಿದು ಮನುಷ್ಯ ಕೂತಲ್ಲೇ ಬೀಳುತ್ತಾನೆ. ಅವರು ಹಿಡಿದು ಹೊರಟಿದ್ದು ನಿನ್ನೆಯ ದಾರಿ.

ಅವಳು ಮೆಟ್ಟಿಲನ್ನು ಹತ್ತಿದಳೋ ಹಾರಿದಳೋ ಗೊತ್ತಿಲ್ಲ. ನಾನು ಏದುಸಿರು ಬಿಡುತ್ತ ಮೇಲೆ ಹೋಗುವಷ್ಟರಲ್ಲಿ ಯಂತ್ರದ ಮುಂದೆ ಕೂತು ಆ ಪ್ರಶ್ನೆಗಳನ್ನೇ ಕೇಳುತ್ತಿದ್ದಳು. ನಾನು ಯಾರು. ಎಲ್ಲಿದ್ದೇನೆ. ಇಲ್ಲಿ ಏನಿದೆ.

"ಅಯ್ಯೋ, ಅಲ್ಲಿ ಅವ್ರು ಬೀಳ್ತಿರ್ತಾರೆ, ಬೇಗ ಮಾಡೇ!" ಎಂದು ಕೂಗಿದೆ.

ಅವಳು ಸಾಲು ಬರೆದಳು. ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು, ಒಂದು ಅಕ್ಷರವನ್ನೂ ನುಂಗದೆ. ನನಗೆ ಅವಳ ಕುತ್ತಿಗೆ ಹಿಚುಕುವಷ್ಟು ಕೋಪ ಬಂದಿತ್ತು, ಅವಳ ಕಾಲಿಗೆ ಬೀಳುವಷ್ಟು ಗೌರವವೂ ಬಂದಿತ್ತು. ಎಂಟರ್ ಒತ್ತಿದಳು. ಇಟ್ಟುಕೊಂಡಿದ್ದ ಹಳೆಯ ಪುಟಗಳು ಹೋದವು. ಊರಿನವರೆಲ್ಲರ ಫೋನಿನಲ್ಲಿ ಬೈಸಿಕೊಳ್ಳುವ ಆ ಪುಟವೇ ಮತ್ತೆ ಬಂತು: 'ಇನ್ನೂ ಗೊತ್ತಿಲ್ಲ. ಒಳಗೇ ಇರಿ.' ಇನ್ನು ಹೊಸದಾಗಿ ಯಾರೂ ದಾರಿ ತಪ್ಪುವಂತಿರಲಿಲ್ಲ.

ಆಮೇಲೆ ಲಾಗನ್ನು ತೆರೆದು, ಓಡುತ್ತಿದ್ದ ಅಷ್ಟೂ ಸಾಲುಗಳಿಂದ ದ್ಯಾವಪ್ಪನವರ ಫೋನಿನವನ್ನು ಮಾತ್ರ ಸೋಸಿ ತೆಗೆದಳು. ಮೊದಮೊದಲು 'ತಮ್ಮಯ್ಯನ ಹೋಟೆಲ್, ಸಿಕ್ಕಿತು' ಎಂದೇ ಇತ್ತು. ಅದರ ಕೆಳಗಿನವು ಬೇರೆ.

'ಹುಣಸೆಹಣ್ಣು ವಾಸನೆಯ ಮನೆ. ಸಿಗಲಿಲ್ಲ.'

'ಎಲ್ಲ ಬಾಗಿಲಿಗೂ ಬೀಗ ಹಾಕ್ಕೊಂಡಿರೋ ಮನೆ. ಸಿಗಲಿಲ್ಲ.'

'ಬೆನ್ನ ಹಿಂದೆ ಗಿರಣಿ ಸದ್ದಿರೋ ಮನೆ. ಸಿಗಲಿಲ್ಲ.'

"ತಲೆ ಸುತ್ತಿ ಏನೇನೋ ಬಡಬಡಿಸ್ತಿದಾರೆ ಕಣೇ," ಎಂದೆ.

"ಇಲ್ಲ ರೀ." ವಾರಿಜ ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದಳು. "ಅವ್ರು ಯಂತ್ರನ ಕೇಳ್ತಿಲ್ಲ, ನಂಗೆ ಹೇಳ್ತಿದಾರೆ. ಸಿಗದೇ ಇದ್ದಿದ್ದೂ ಲಾಗಲ್ಲಿ ಬೀಳತ್ತೆ ಅಂತ ಅವರಿಗೆ ಗೊತ್ತಲ್ಲ. ಹುಣಸೆಹಣ್ಣು ಅಂದ್ರೆ ಮಂಡಿ ಸಾಲು. ಇವತ್ತು ಭಾನುವಾರ, ಎಲ್ಲ ಬೀಗ, ಬಾಗಿಲು ತಟ್ಟಿದ್ರೂ ತೆಗೆಯೋರಿಲ್ಲ."

ಮಂಡಿಯಲ್ಲಿ ಯಾರೂ ಇಲ್ಲದ ಮೇಲೆ ಅದರ ಎಡಬಲ ಒಪ್ಪಿಸುವವರೂ ಇಲ್ಲ, ಅದು ಎಲ್ಲಿದೆ ಎಂದು ಯಂತ್ರಕ್ಕೆ ಗೊತ್ತಿರಲಿಲ್ಲ. ಆದರೆ ಹಿಟ್ಟಿನ ಗಿರಣಿಯ ರಾಚಪ್ಪ ಎದ್ದಿದ್ದ. ವಾರಿಜ ಅವನು ಒಪ್ಪಿಸಿದ್ದನ್ನು ಹಿಡಿದು ಬೆರಳಿಟ್ಟು ಓದುತ್ತ ಹೋದಳು. ಗಿರಣಿಯ ಬಲಕ್ಕೆ ಶಾಲೆ. ಶಾಲೆಯ ಬಲಕ್ಕೆ ಪೊಲೀಸ್ ಠಾಣೆ. ಠಾಣೆಯ ಬಲಕ್ಕೆ... "ನಾವೇ ಕಣ್ರೀ! ಇಲ್ಲೇ ಇದಾರೆ, ಗಿರಣಿ ಹಿಂದೆ!"

ಅಷ್ಟರಲ್ಲಿ ಇನ್ನೊಂದು ಸಾಲು ಬಿತ್ತು. 'ಕಾಲು ನಡುಗುವವನ ಮನೆ. ಸಿಗಲಿಲ್ಲ.'

ನಾನು ಎದ್ದು ಓಡಬೇಕು, ಆಗ ಅವಳು, "ಒಂದ್ ನಿಮಿಷ, ಅವರಿಗೆ ಉತ್ತರ ಹೋಗ್ಬೇಕು," ಎಂದಳು. ಯಂತ್ರ ಅವರಿಗೆ ಪ್ರತಿ ಸಲವೂ ಕೊಡುತ್ತಿದ್ದದ್ದು ಆ ಒಂದೇ ಪುಟ, 'ಅಂಥ ಮನೆ ಇಲ್ಲ.' ಅವಳು ಅದನ್ನು ತೆರೆದಳು. ಇದ್ದ ಮಾತನ್ನು ಅಳಿಸಿದಳು. ಬೇರೆ ಬರೆದಳು. ಕೈ ತೊಡೆಯ ಮೇಲೆ. "ಅಲ್ಲೇ ಇರಿ. ಬರ್ತಾ ಇದ್ದೀವಿ," ಎಂದು ಗಟ್ಟಿಯಾಗಿ ಓದಿದಳು. ಎಂಟರ್ ಒತ್ತಿ, "ಈಗ ಓಡಿ," ಎಂದಳು.

ಒಂದು ಕೈಯಲ್ಲಿ ಬೆಲ್ಲದ ಉಂಡೆ, ಇನ್ನೊಂದರಲ್ಲಿ ಹುಚ್ಚೇಗೌಡನ ತೋಳು ಹಿಡಿದು ಓಡಿದೆ. ಠಾಣೆ ದಾಟಿ, ಶಾಲೆ ದಾಟಿ, ಗಿರಣಿಯ ಪಕ್ಕದ ಸಂದಿಯಲ್ಲಿ ನುಗ್ಗಿದರೆ ಬೀಗ ಜಡಿದ ಮಂಡಿಗಳ ಉದ್ದನೆಯ ಸಾಲು. ದ್ಯಾವಪ್ಪನವರು ಒಂದು ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಫೋನು ಕಿವಿಯ ಹತ್ತಿರ ಇತ್ತು, ತುಟಿ ಅಲುಗುತ್ತಿತ್ತು. ಅವರು ಏನೋ ಕೇಳುತ್ತಿದ್ದರು, ಫೋನು ಮತ್ತೆ ಮತ್ತೆ ಅದನ್ನೇ ಹೇಳುತ್ತಿತ್ತು: ಅಲ್ಲೇ ಇರಿ. ಬರ್ತಾ ಇದ್ದೀವಿ. ಬಾಯಿಗೆ ಬೆಲ್ಲ ಇಟ್ಟೆ. ಸ್ವಲ್ಪ ಹೊತ್ತಿಗೆ ಚೀಪತೊಡಗಿದರು. ನನಗೆ ಅಳು ಬಂತು, ಹುಚ್ಚೇಗೌಡನ ಮುಂದೆ ನಾಚಿಕೆಯೂ ಆಗಲಿಲ್ಲ.

ಇಬ್ಬರೂ ಹಿಡಿದು ತಂದು ಅವರ ಬೆಂಚಿನ ಮೇಲೆ ಕೂರಿಸಿದೆವು. ವಾರಿಜ ಸಕ್ಕರೆ ಸುರಿದ ಕಾಫಿಯ ಲೋಟ ಹಿಡಿದು ಅವರ ಮುಂದೆ ನೆಲದ ಮೇಲೆ ಕೂತಳು. "ನನ್ನಿಂದ ಆಗಿದ್ದು ಮೇಷ್ಟ್ರೇ. ಯಾರನ್ನೂ ಬರಿಗೈಲಿ ಕಳಿಸಬಾರದು ಅಂತ ಹಳೇದನ್ನೇ ಬಡಿಸಿಬಿಟ್ಟೆ. ಬೆಳಗಿನ ಇಡ್ಲಿ ಸಂಜೆಗೆ ಉಪ್ಪಿಟ್ಟಾಗತ್ತೆ. ನಿನ್ನೆ ದಾರಿ ಏನೂ ಆಗಲ್ಲ ಅಂತ ನಂಗೆ ಹೊಳೀಲಿಲ್ಲ."

ದ್ಯಾವಪ್ಪನವರು ಕಾಫಿ ಮುಗಿಸಿದರು. ಒಂದು ವಡೆ ತಿಂದರು. ಆಮೇಲೆ ಬಾಯಿ ಬಿಟ್ಟರು. "ಪುಟ ಒಂದೇ ಉಸಿರಿಗೆ ಬಂತು ತಾಯಿ. ಊರು ಇನ್ನೂ ಆಕಳಿಸ್ತಿರೋವಾಗ್ಲೇ ಬಂತು. ಇದು ಹಳೇದಿರ್ಬೇಕು ಅಂತ ಅನುಮಾನ ಬಂದಿತ್ತು ನಂಗೆ."

"ಮತ್ತೆ ಯಾಕ್ ಹೊರಟ್ರಿ?"

"ನೀನು ಮಾಡಿದ್ದಲ್ವಾ ಅಂತ ಹೊರಟೆ."

ವಾರಿಜ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ದ್ಯಾವಪ್ಪನವರು ಅವಳ ತಲೆ ಎಲ್ಲಿದೆ ಎಂದು ಕೈಯಲ್ಲಿ ತಡವಿ ನೋಡಿ, ಅಲ್ಲೇ ಕೈಯಿಟ್ಟರು. "ದಾರಿ ತಪ್ಪಿದ್ದು ತಿಳಿದ ಮೇಲೂ ಹೆದರಲಿಲ್ಲ ಕಣಮ್ಮ. ನೀನು ಲಾಗ್ ನೋಡ್ತೀಯ ಅಂತ ಗೊತ್ತಿತ್ತು," ಎಂದರು. ಆಮೇಲೆ, "ಆ ಪುಟದಲ್ಲಿ ಬರೆದ್ಯಲ್ಲ, ಅದು... ಹ್ಞೂಂ," ಎಂದರು.

ಮರುದಿನ ಮೆಟ್ಟಿಲ ಕೆಳಗೆ ನಿಂತು ರೂಟ್ ಪಾಸ್‌ವರ್ಡನ್ನು ಅವಳ ಕಿವಿಯಲ್ಲಿ ಹೇಳಿದರು. ಆಮೇಲೆ ಅವರು ಮಹಡಿ ಹತ್ತಲಿಲ್ಲ. ಈಗ ಯಂತ್ರ ವಾರಿಜಳದು. 'ಇನ್ನೂ ಗೊತ್ತಿಲ್ಲ. ಒಳಗೇ ಇರಿ' ಎಂಬುದು ಹಾಗೇ ಇದೆ, ಜನ ಹಾಗೇ ಬೈಯುತ್ತಾರೆ, ಒಳಗೇ ಇರುತ್ತಾರೆ. ವಡೆ ಆರಿಹೋದರೆ ನಾನು ಮತ್ತೆ ಎಣ್ಣೆಗೆ ಬಿಡುತ್ತೇನೆ, ಮಹಡಿಯ ಕಡೆ ತಲೆಯೆತ್ತಿ ಒಂದು ಮಾತೂ ಆಡುವುದಿಲ್ಲ.

'ಅಂಥ ಮನೆ ಇಲ್ಲ' ಎಂಬ ಪುಟವನ್ನು ಮಾತ್ರ ಅವಳು ಮತ್ತೆ ಹಾಕಲಿಲ್ಲ. ನಮ್ಮ ಊರಿನಲ್ಲಿ ದಾರಿ ತಪ್ಪಿದವರು ಈಗ ಇಲ್ಲದ ಮನೆಯೊಂದನ್ನು ಕೇಳುತ್ತಾರೆ. ನೆಲ್ಲಿಕಾಯಿ ಮರ ಕಾಣುವ ಮನೆ ಎನ್ನುತ್ತಾರೆ, ಹಸು ಕಟ್ಟಿರುವ ಮನೆ, ಹೆದರಿಕೆಯಾಗುತ್ತಿರುವ ಮನೆ. ಎಲ್ಲರಿಗೂ ಒಂದೇ ಉತ್ತರ ಹೋಗುತ್ತದೆ. ಆಗ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ವಾರಿಜ ಕಟ್ಟಿರುವ ಗಂಟೆ ಬಾರಿಸುತ್ತದೆ, ಬೆಲ್ಲ ಹಿಡಿದು ಓಡುವವನು ನಾನು.

ಕೆಲವು ಸಂಜೆ ಗಂಟೆ ಬಾರಿಸಿದಾಗ ವಾರಿಜ ಮೇಲಿಂದ ಲಾಗ್ ಓದಿ ಕೂಗುತ್ತಾಳೆ: 'ಬಿಸಿ ವಡೆ ಕಾಯುತ್ತಿರುವವನ ಮನೆ.' ಫೋನು ಯಾರದೆಂದು ಹೇಳಬೇಕಾಗಿಲ್ಲ. ದ್ಯಾವಪ್ಪನವರು ತಮ್ಮ ಮನೆಯ ಜಗುಲಿಯಲ್ಲೇ ಸುಖವಾಗಿ ಕೂತಿರುತ್ತಾರೆ.

"ದಾರಿ ತಪ್ಪಿಲ್ಲ ಏನಿಲ್ಲ, ಬೇಕಂತಲೇ ಕೇಳ್ತಾರಲ್ಲೇ," ಎಂದು ನಾನು ಗೊಣಗುತ್ತೇನೆ.

"ಬರ್ತಾ ಇದ್ದೀವಿ ಅಂತ ಹೇಳಿ ಆಯ್ತಲ್ಲ, ಹೋಗಿ ರೀ," ಎಂದು ಅವಳು ಕೆಳಗಿಳಿದು ಬಂದು ಎಣ್ಣೆಯಿಂದ ತೆಗೆದ ವಡೆಗಳನ್ನು ಎಲೆಯಲ್ಲಿ ಕಟ್ಟುತ್ತಾಳೆ. "ಕೇಳಿದೋರನ್ನ ಬರಿಗೈಲಿ ಕೂರಿಸಬಾರದು."

ನಾನು ಪೊಟ್ಟಣ ಹಿಡಿದು ಹೊರಗೆ ಬಂದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಅವಳು ಕೊಟ್ಟ ದಾರಿ ಹಿಡಿದು ಹೊರಡುತ್ತೇನೆ.